ಬಳೆ ಪಕ್ರಮ್ಮನ ಕಪ್ಪು ಗಾಜು

ಫೋನಿಗೆ ಗಾಜು ಹಾಕಿಸಲು ಬಂದವರನ್ನು ಫಕ್ರುನ್ನೀಸಾ ಮೊದಲು ಫೋನು ಕೇಳುವುದಿಲ್ಲ, ಕೈ ಕೇಳುತ್ತಾರೆ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಿಂದ ಪೇಟೆಯ ಕಡೆಗೆ ತಿರುಗುವ ಓಣಿಯಲ್ಲಿ, ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದಷ್ಟು ಚಿಕ್ಕ ಅಂಗಡಿ ಅವರದು. ಬಂದವರು ಹೆಂಗಸಾದರೆ ಅವರ ಬಲಗೈಯನ್ನು ತಮ್ಮ ಎರಡು ಕೈಗಳ ನಡುವೆ ತೆಗೆದುಕೊಂಡು ಹೆಬ್ಬೆರಳ ತುದಿಯನ್ನು ಮೆಲ್ಲಗೆ ಒತ್ತಿ ನೋಡುತ್ತಾರೆ. ಗಂಡಸಾದರೆ ಮುಟ್ಟುವುದಿಲ್ಲ, ಅಂಗೈ ಮೇಲಾಗಿ ಗಾಜಿನ ಪೆಟ್ಟಿಗೆಯ ಮೇಲಿಡಲು ಹೇಳಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬಗ್ಗಿ ನೋಡುತ್ತಾರೆ. ಬಂದದ್ದು ಗಾಜಿಗೋ ಕಣಿ ಕೇಳುವುದಕ್ಕೋ ಎಂದು ಹೊಸಬರು ಗಲಿಬಿಲಿಗೊಳ್ಳುವುದುಂಟು.

"ಕೈ ಯಾಕಮ್ಮ? ಫೋನ್ ತಕಳಿ," ಎಂದು ಒಮ್ಮೆ ಗಾರೆ ಕೆಲಸದವನೊಬ್ಬ ರೇಗಿದ್ದ.

"ಫೋನು ಎಲ್ಲಾರ್ದೂ ಒಂದೇಯಾ. ಕೈ ಬ್ಯಾರೆ ಬ್ಯಾರೆ. ನೋಡಿ ಮತ್ತೆ," ಎಂದಿದ್ದರು ಅವರು.

"ನೋಡಿ ಮತ್ತೆ" ಎಂಬುದು ಅವರ ಮಾತಿನ ಪೂರ್ಣವಿರಾಮ. ಒಪ್ಪಿಗೆಗೂ ಅದೇ, ಬೇಸರಕ್ಕೂ ಅದೇ, ಗಿರಾಕಿಯನ್ನು ಸಾಗಹಾಕುವುದಕ್ಕೂ ಅದೇ.

ಕೈ ನೋಡುವ ಈ ಅಭ್ಯಾಸ ಫೋನಿನಿಂದ ಬಂದದ್ದಲ್ಲ, ಬಳೆಯಿಂದ ಬಂದದ್ದು. ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಅತ್ತೆ ಅವರನ್ನು ಬಳೆಯಂಗಡಿಯ ಮಣೆಯ ಮೇಲೆ ಕೂರಿಸಿದ್ದರು. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳ ಹೆಂಗಸರ ಕೈಗಳನ್ನು ಹಿಡಿದು, ಮೂಳೆ ನೋಯದಂತೆ ಅಮುಕಿ, ಗಾಜು ಬಿರಿಯದಂತೆ ತಿರುವಿ ಬಳೆ ತೊಡಿಸಿದವರು ಅವರು. ಫಕ್ರುನ್ನೀಸಾ ಎಂಬ ಹೆಸರು ಆ ಹೆಂಗಸರ ಬಾಯಲ್ಲಿ ಸವೆದು ಪಕ್ರಮ್ಮ ಆಯಿತು. ಅವರೂ ಅದಕ್ಕೆ ಓಗೊಟ್ಟರು. ಗಾಜಿನ ಬಳೆಯ ವ್ಯಾಪಾರ ಇಳಿಮುಖವಾಗುತ್ತಿದ್ದ ದಿನಗಳಲ್ಲಿ, ಗೂಡ್ಸ್ ಆಟೊ ಓಡಿಸುವ ಅವರ ಗಂಡ ಜಹೀರುದ್ದೀನ್ ಮೈಸೂರಿನಿಂದ ಒಂದು ಪೆಟ್ಟಿಗೆ ಸ್ಕ್ರೀನ್ ಗಾರ್ಡ್ ತಂದು ಮುಂದಿಟ್ಟು, "ಇದೂ ಗಾಜೇ ಅಲ್ವಾ?" ಎಂದರಂತೆ. ಅಷ್ಟೇ. ಅಂಗಡಿಯ ಎಡಗೋಡೆಯಲ್ಲಿ ಬಳೆ ಉಳಿಯಿತು, ಬಲಗೋಡೆಗೆ ಫೋನಿನ ಗಾಜು ಬಂತು. ಬಳೆ ಒಡೆದರೆ ಒಡೆಯಿತೆನ್ನದೆ "ಹೆಚ್ಚಿತು" ಎನ್ನುವುದು ನಮ್ಮ ಕಡೆಯ ಹೆಂಗಸರ ರೂಢಿಯಷ್ಟೆ. ಪಕ್ರಮ್ಮ ಅದನ್ನು ಫೋನಿಗೂ ದಾಟಿಸಿದರು. ಕರಿಘಟ್ಟದ ಬೆಟ್ಟದ ಮೆಟ್ಟಿಲ ಮೇಲೆ ಫೋನು ಬೀಳಿಸಿಕೊಂಡು ಸಪ್ಪೆ ಮೋರೆಯಲ್ಲಿ ಬಂದವರಿಗೆ, "ಹೆಚ್ಚೋಯ್ತಾ? ಹೋಗ್ಲಿ ಬುಡಿ, ಫೋನಿಗೆ ಬರೋದು ಗಾಜಿಗೆ ಬಂತು," ಎನ್ನುತ್ತಾರೆ.

ಬೇಸಿಗೆಯಲ್ಲೂ ಅವರ ಮೈಮೇಲೆ ಒಂದು ಹಸಿರು ಸ್ವೆಟರಿರುತ್ತದೆ. ಚಳಿಗಲ್ಲ, ಅದರ ಎರಡು ಜೇಬಿಗಾಗಿ. ಒಂದರಲ್ಲಿ ಒರೆಸುವ ಬಟ್ಟೆ, ಇನ್ನೊಂದರಲ್ಲಿ ಧೂಳಿನ ಕಣ ಎತ್ತುವ ಅಂಟುಪಟ್ಟಿ. ದಿನವಿಡೀ ಕಾಲು ಮಡಿಸಿ ಕೂತು ಎಡಮಂಡಿ ಹಿಡಿದುಕೊಂಡಿರುವುದರಿಂದ, ಎದ್ದಾಗ ನಾಲ್ಕು ಹೆಜ್ಜೆ ಪಕ್ಕಕ್ಕೇ ನಡೆದು ಆಮೇಲೆ ನೇರವಾಗುತ್ತಾರೆ. ಗಾಜು ಹಾಕುವಾಗ ಫ್ಯಾನು ಆರಿಸಲೇಬೇಕು, ಧೂಳು ಹಾರುತ್ತದೆಂದು. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಗಿರಾಕಿಗಳು ಬೆವರಿನಲ್ಲಿ ತೋಯುತ್ತಾ ನಿಂತಿರಬೇಕು. ಗಾಜು ಕೂರುವವರೆಗೆ ಮಾತೂ ಆಡಕೂಡದು. ಬಿಟ್ಟ ಉಸಿರಿನಲ್ಲೂ ಧೂಳಿರುತ್ತದೆಂದು ಅವರು ದೃಢವಾಗಿ ನಂಬಿದ್ದಾರೆ.

ಮಾರುವ ವಸ್ತುವಿನ ದೋಷವನ್ನು ಮಾರುವವರೇ ಮೊದಲು ಹೇಳುವುದು ಅವರ ಅಂಗಡಿಯ ಇನ್ನೊಂದು ವಿಚಿತ್ರ. ಅರಕೆರೆಯ ದ್ಯಾವಯ್ಯನವರು, ಕಬ್ಬಿನ ಗದ್ದೆಯಲ್ಲಿ ನಿಂತರೆ ಫೋನಿನೊಳಗೆ ತಮ್ಮ ಮುಖವೇ ಕಾಣುತ್ತದೆಂದು ದೂರಿದಾಗ, ಹೊಳಪಿಲ್ಲದ ತರಿಗಾಜನ್ನು ತೆಗೆದು ತೋರಿಸಿದರು. "ಇದಾದ್ರೆ ಬಿಸ್ಲಲ್ಲಿ ಕಣ್ಣಿಗೆ ಹೊಡಿಯಾಕಿಲ್ಲ, ಬೆವರಿನ ಕೈ ಕಲೆ ಕೂರಾಕಿಲ್ಲ. ಆದ್ರೆ ಮೊಮ್ಮಕ್ಕಳ ಫೋಟೊ ವಸಿ ಮಂಜು ಮಂಜಾಯ್ತದೆ. ಬಿಸ್ಲು ಜಾಸ್ತಿಯೋ, ಮೊಮ್ಮಕ್ಕಳು ಜಾಸ್ತಿಯೋ, ನೀವೇ ನೋಡಿ ಮತ್ತೆ." ದ್ಯಾವಯ್ಯನವರು ಸ್ವಲ್ಪ ಹೊತ್ತು ಯೋಚಿಸಿ ಮೊಮ್ಮಕ್ಕಳನ್ನೇ ಆರಿಸಿಕೊಂಡು ಸಾದಾ ಗಾಜು ಹಾಕಿಸಿಕೊಂಡು ಹೋದರು. ಕಣ್ಣಿಗೆ ತಂಪೆಂದು ಹೆಸರಾದ ಗಾಜು ಬೇಕೆಂದು ಬಂದ ರಘುನಂದನ್ ಎಂಬ ಮೇಷ್ಟರಿಗೆ, "ತಂಪಾಯ್ತದೋ ಇಲ್ವೋ ನಂಗೊತ್ತಿಲ್ಲ ಸಾರ್. ಎಲ್ಲಾ ವಸಿ ಹಳದಿ ಕಾಣ್ತದೆ, ಅದು ಗೊತ್ತು. ನಿದ್ದೆ ಬರ್ಬೇಕು ಅಂದ್ರೆ ಫೋನ್ ಕೆಳಗಿಟ್ಬುಡಿ," ಎಂದರು. ಮೇಷ್ಟರು ಹಳದಿಯನ್ನೇ ಕೊಂಡರು; ಪಕ್ರಮ್ಮ ಮಾರಿದರು. ಹೇಳುವುದು ತಮ್ಮ ಕೆಲಸ, ಕೇಳುವುದು ಅವರಿಷ್ಟ.

ಎಲ್ಲಕ್ಕಿಂತ ಹೆಚ್ಚು ಮಾತು ನಡೆಯುತ್ತಿದ್ದುದು ಕಪ್ಪು ಗಾಜಿನ ಬಗ್ಗೆ. ಅದನ್ನು ಹಾಕಿದರೆ ಎದುರಿಗಿರುವವರಿಗೆ ಮಾತ್ರ ಫೋನು ಕಾಣುತ್ತದೆ. ಪಕ್ಕದಿಂದ ಇಣುಕಿದವರಿಗೆ ಇದ್ದಿಲಿನಂಥ ಕಪ್ಪು.

"ಬಸ್ಸಲ್ಲಿ ಪಕ್ಕದೋನು ನನಗಿಂತ ಮುಂಚೆ ಓದ್ಬುಡ್ತಾನೆ ಕಣಮ್ಮ. ನಾನಿನ್ನೂ ಅರ್ಧದಲ್ಲಿದ್ರೆ ಅವ್ನು ನಗ್ತಾ ಇರ್ತಾನೆ," ಎಂದು ಪಾಂಡವಪುರದ ಧರ್ಮೇಂದ್ರ ಅದನ್ನು ಕೇಳಿದ್ದ.

"ಬಸ್ಸಿನೋನಿಗಾ, ಮನೆಯೋಳಿಗಾ?"

"ಅಯ್ಯೋ, ಅವಳಿಗೆ ಯಾವ್ ಗಾಜೂ ಅಡ್ಡ ಇಲ್ಲ ಬುಡಿ!"

ನಗುತ್ತಲೇ ಹಾಕಿಕೊಟ್ಟು, ಬೆಳಕು ತಗ್ಗುತ್ತದೆ, ಬೆಳಕು ಏರಿಸಿಕೊಂಡರೆ ಬ್ಯಾಟರಿ ಬೇಗ ಇಳಿಯುತ್ತದೆ ಎಂದು ಎರಡು ದೋಷ ಹೇಳಿದ್ದರು. ಆ ಗಾಜಿಗೆ ಇನ್ನೊಂದು ದೋಷವಿರುವುದು ಆಗ ಅವರಿಗೂ ತಿಳಿದಿರಲಿಲ್ಲ.

ಪಾಲಹಳ್ಳಿಯ ಪುಟ್ಟಗೌರಮ್ಮ ಅವರ ಹಳೆಯ ಬಳೆ ಗಿರಾಕಿ. ನಾಲ್ಕು ಹಸು ಕಟ್ಟಿ ಡೈರಿಗೆ ಹಾಲು ಹಾಕುವ, ಅಕ್ಷರ ಬಾರದ, ಗಟ್ಟಿ ದನಿಯ ಹೆಂಗಸು. ಡೈರಿಯ ಹತ್ತಿರ ಯಾರೋ ಪಕ್ಕದಲ್ಲಿ ನಿಂತು ಅವರು ಒತ್ತುವ ಗುಟ್ಟಿನ ನಂಬರನ್ನು ನೋಡುತ್ತಿದ್ದರೆಂದು ಪರಸ್ಥಳದಲ್ಲಿ ಕೆಲಸಕ್ಕಿರುವ ಮಗ ಕಿಶನ್‌ಗೆ ಆತಂಕವಾಗಿ, ಕಪ್ಪು ಗಾಜು ಹಾಕಿಸಿಕೊಂಡು ಬಾ ಎಂದು ಫೋನಿನಲ್ಲೇ ಹೇಳಿ ಅಮ್ಮನನ್ನು ಕಳಿಸಿದ್ದ. ಪಕ್ರಮ್ಮ ಎಂದಿನಂತೆ ಕೈ ನೋಡಿದರು: ಹಾಲು ಕರೆದು ದಪ್ಪಗಾದ ಹೆಬ್ಬೆರಳು, ಒಣಗಿದ ತುದಿ. ಅದಕ್ಕೆ ಒಗ್ಗುವ ತೆಳುಗಾಜನ್ನು ಆರಿಸಿ, ಒಂದು ಕಣ ಧೂಳಿಲ್ಲದಂತೆ ಕೂರಿಸಿದರು. ಅದು ಆ ತಿಂಗಳಿನ ಅತ್ಯುತ್ತಮ ಕೆಲಸವೆಂದು ಅವರಿಗೇ ಅನ್ನಿಸಿತ್ತು.

ಹದಿನೈದು ದಿನದ ಮೇಲೆ, ಒಂದು ಬೆಳಗ್ಗೆ, ಪುಟ್ಟಗೌರಮ್ಮನ ಓರಗಿತ್ತಿ ಪಾರ್ವತಮ್ಮ ಒಬ್ಬರೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿದರು. ಓರಗಿತ್ತಿಯರಿಬ್ಬರೂ ಒಂದೇ ಅಂಗಳದ ಎರಡು ಮನೆಯವರು. ಬಳೆಗಾದರೂ ಜಾತ್ರೆಗಾದರೂ ಜೊತೆಯಲ್ಲದೆ ಬಂದವರಲ್ಲ.

"ಬಳೆ ತೆಗೆದ್ಕೊಡು ಪಕ್ರಮ್ಮ. ಆಸ್ಪತ್ರೇಲಿ ತೆಗೀರಿ ಅಂತಾರೆ. ಹೋದ್ಸಲ ನರ್ಸಮ್ಮ ಎಳೆದೂ ಎಳೆದೂ ಕೈಯೆಲ್ಲ ಗೀರೋಯ್ತು."

"ಯಾಕಕ್ಕ, ಏನಾಯ್ತು?"

"ಕಣ್ಣು. ಆಪ್ರೇಸನ್ ಮಾಡ್ಸಿದ್ನಲ್ಲ, ಕೆಟ್ಟೋಯ್ತು. ಮೈಸೂರಿಗೆ ಹೊಂಟಿವ್ನಿ."

ಪಕ್ರಮ್ಮ ಅವರ ಕೈಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಳೆಗಳನ್ನು ಒಂದೊಂದಾಗಿ ಅದರ ಮೇಲೆ ಜಾರಿಸತೊಡಗಿದರು. ಕೈಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೂತ ಹೆಂಗಸರ ಮನಸ್ಸು ತಾನಾಗಿ ಸಡಿಲವಾಗುವುದನ್ನು ಅವರು ಮೂವತ್ತು ವರ್ಷದಿಂದ ಕಂಡವರು. ಏನೂ ಕೇಳಲಿಲ್ಲ. ನಾಲ್ಕನೆಯ ಬಳೆಯ ಹೊತ್ತಿಗೆ ಪಾರ್ವತಮ್ಮ ತಾವೇ ಹೇಳತೊಡಗಿದರು.

ನಾಗಮಂಗಲಕ್ಕೆ ಕೊಟ್ಟಿರುವ ಪುಟ್ಟಗೌರಮ್ಮನ ಮಗಳು ರಮ್ಯ, ತೊಡೆಯ ಮೇಲಿನ ಕೂಸು ಎದ್ದುಬಿಡುತ್ತದೆಂದು ಫೋನಿನಲ್ಲಿ ಮಾತಾಡದೆ ಬರೆದೇ ಕಳಿಸುತ್ತಾಳೆ. ಸಂಜೆ ಹಾಲು ಹಾಕಿ ಬಂದ ಮೇಲೆ ಓರಗಿತ್ತಿಯರು ಜಗಲಿಯಲ್ಲಿ ಒತ್ತೊತ್ತಾಗಿ ಕೂರುತ್ತಾರೆ. ಒಮ್ಮೆ ಫೋನು ಕಲಗಚ್ಚಿನ ಬಾನಿಗೆ ಬಿದ್ದ ಮೇಲೆ ಪುಟ್ಟಗೌರಮ್ಮ ಅದನ್ನು ಯಾರ ಕೈಗೂ ಕೊಡುವವರಲ್ಲ. ತಾವೇ ಹಿಡಿದಿರುತ್ತಾರೆ, ಏಳನೇ ತರಗತಿ ಓದಿದ ಪಾರ್ವತಮ್ಮ ಪಕ್ಕದಿಂದ ಬಗ್ಗಿ ಓದಿ ಹೇಳುತ್ತಾರೆ. ಮಕ್ಕಳಿಲ್ಲದ ಪಾರ್ವತಮ್ಮನಿಗೆ ದಿನದಲ್ಲಿ ಅದೇ ಒಂದು ಹಬ್ಬದಂಥ ಗಳಿಗೆ. ಹದಿನೈದು ದಿನದ ಹಿಂದೆ ಒಂದು ಸಂಜೆ ಹಾಗೆ ಬಗ್ಗಿದರೆ, ಫೋನು ಪೂರ್ತಿ ಕಪ್ಪು.

"ಅಕ್ಕನಿಗೆ ಉರೀತಾ ಐತೆ, ನಂಗೆ ಕಪ್ಪು. ಬಸ್ಸಿನ ಬೋರ್ಡು ಓದ್ತೀನಿ, ಅಕ್ಕೀಲಿ ಕಲ್ಲಾರಿಸ್ತೀನಿ, ನನ್ನ ಸಣ್ ಫೋನೂ ಕಾಣ್ತದೆ. ಅಕ್ಕನ ಫೋನು ಮಾತ್ರ ಬಾವಿ ಬಗ್ಗಿ ನೋಡ್ದಂಗೆ. ಪೊರೆ ಮತ್ತೆ ಬಂತು ಅಂದ್ಕಂಡೆ."

"ಅಕ್ಕನಿಗೆ ಯಾಕೆ ಹೇಳ್ಲಿಲ್ಲ?"

"ಎಂಗೆ ಯೋಳ್ಲಿ? ಆಪ್ರೇಸನ್ ಆದಾಗ ನಲವತ್ ದಿನ, ದಿನಕ್ಕೆ ನಾಕ್ ಸಲ ಕೂರಿಸ್ಕಂಡು ಡ್ರಾಪ್ಸ್ ಬುಟ್ಟೋಳು ಅವಳು. ಹಸುಗೆ ಹುಲ್ಲು ಮರ್ತಾಳು, ನನ್ ಡ್ರಾಪ್ಸ್ ಮರೀಲಿಲ್ಲ. ಅವಳಿಗೆ ಕೆಟ್ಟೋಯ್ತು ಅಂತ ಯೋಳ್ಲಾ?"

ಹಾಗಾಗಿ ಅವರು ಓದುವ ನಟನೆ ಮಾಡಿದ್ದರು. ಚೆನ್ನಾಗಿದ್ದಾಳಂತೆ, ಕೂಸು ನಗುತ್ತಂತೆ, ಊಟ ಮಾಡು ಅಂದಿದ್ದಾಳೆ ಎಂದು ಕಪ್ಪು ಫೋನನ್ನು ನೋಡುತ್ತಾ ತಾವೇ ಕಟ್ಟಿ ಹೇಳಿದ್ದರು. ಅದರ ನಡುವೆ ಒಂದು ದಿನ ರಮ್ಯ, ಗುರುವಾರ ಕೂಸನ್ನು ಕರೆದುಕೊಂಡು ಬರುತ್ತೇನೆಂದು ಬರೆದಿದ್ದಳು. ಗುರುವಾರ ಇವರಿಬ್ಬರೂ ಅರಕೆರೆಯಲ್ಲಿ ಮದುವೆಯ ಊಟಕ್ಕೆ ಕೂತಿದ್ದರು. ಓಲಗದ ಸದ್ದಿನಲ್ಲಿ ಪಾರ್ವತಮ್ಮನ ಫೋನು ಕೇಳಿಸಲಿಲ್ಲ; ಪುಟ್ಟಗೌರಮ್ಮನದು ಮನೆಯಲ್ಲೇ ಉಳಿದಿತ್ತು. ಬೀಗದ ಒಳಗೆ ಅಮ್ಮನ ಫೋನು ಹೊಡೆದುಕೊಳ್ಳುವುದನ್ನು ಕೇಳುತ್ತಾ ರಮ್ಯ ಮೂರು ಗಂಟೆಯವರೆಗೆ ಜಗಲಿಯಲ್ಲಿ ಕೂತಿದ್ದು, ಅತ್ತುಕೊಂಡು ವಾಪಸು ಹೋದಳು. ಆಮೇಲೆ ರಮ್ಯಳಿಂದಲೇ ವಿಷಯ ತಿಳಿದು, ಓದಿದ್ದರೂ ಯಾಕೆ ಹೇಳಲಿಲ್ಲವೆಂದು ಪುಟ್ಟಗೌರಮ್ಮ ಕೇಳಿದಾಗ ಪಾರ್ವತಮ್ಮ, "ಮರ್ತೆ ಕಣಕ್ಕ," ಎಂದುಬಿಟ್ಟರು. ಪುಟ್ಟಗೌರಮ್ಮ ಕೋಪದಲ್ಲಿ, "ಹೆಣ್ ಹೆತ್ತಿದ್ರೆ ಮರೀತಿರಲಿಲ್ಲ," ಎಂದರು. ಅಂದಿನಿಂದ ಅಂಗಳದಲ್ಲಿ ಮಾತಿಲ್ಲ.

ಪಕ್ರಮ್ಮನ ಕೈ ಬಳೆಯ ಮೇಲೆಯೇ ನಿಂತಿತ್ತು. ಬಳೆ ಎಂಬುದು ಒಬ್ಬರ ಕೈಗೆ. ಆ ಕೈ ಬಿಟ್ಟು ಬೇರೆ ಕೈ ನೋಡುವ ಅಗತ್ಯ ಬಳೆಗಾರ್ತಿಗಿಲ್ಲ. ಆ ಲೆಕ್ಕದಲ್ಲೇ ಅವರು ಪುಟ್ಟಗೌರಮ್ಮನ ಹೆಬ್ಬೆರಳನ್ನು ನೋಡಿದ್ದರು, ಜಗಲಿಯನ್ನು ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ: ಡಾಕ್ಟರು ಕಣ್ಣು ಚೆನ್ನಾಗಿದೆ ಎಂದು ಹೇಳಿ ಕಳಿಸುತ್ತಿದ್ದರು. ಹೇಳಿದರೆ, ಬಳೆಯವಳು ಹಾಕಿದ ಗಾಜು ಮನೆ ಒಡೆಯಿತೆಂದು ಪಾಲಹಳ್ಳಿಯ ಹೆಂಗಸರೆಲ್ಲ ಆಡಿಕೊಂಡಾರು. ಆ ಹೆಂಗಸರಿಂದಲೇ ಅಂಗಡಿ ನಡೆಯುತ್ತಿತ್ತು. ಇಷ್ಟೆಲ್ಲ ಅವರ ಮನಸ್ಸಿನಲ್ಲಿ ಹಾದುಹೋಯಿತು. ಆದರೂ ಕೈ ತಾನಾಗಿ ಬಲಗೋಡೆಗೆ ಹೋಗಿ ಒಂದು ಕಪ್ಪು ಗಾಜನ್ನು ತೆಗೆದು, ಪೆಟ್ಟಿಗೆಯ ಮೇಲೆ ಹಾಸಿದ್ದ ಪೇಪರಿನ ಮೇಲಿಟ್ಟಿತು.

"ಎದುರಿಗೆ ಬಂದು ಓದಿ ಅಕ್ಕ."

ಪಾರ್ವತಮ್ಮ ಓದಿದರು.

"ಈಗ ಪಕ್ಕದಿಂದ."

ಪಾರ್ವತಮ್ಮ ಪಕ್ಕಕ್ಕೆ ಸರಿದು ಬಗ್ಗಿದರು. ಕಪ್ಪು. ಮತ್ತೆ ಎದುರಿಗೆ ಬಂದರು, ಮತ್ತೆ ಪಕ್ಕಕ್ಕೆ ಹೋದರು. ಮೂರನೆಯ ಸಲ ಕಣ್ಣೆತ್ತಿ, ಮಗುವಿನಂತೆ ಕೇಳಿದರು: "ಅಂಗಾರೆ ನಂಗೆ ಕಣ್ಣೈತಾ?"

"ಐತೆ ಅಕ್ಕ. ಕಣ್ಣಿಗೇನಾಗಿಲ್ಲ. ಗಾಜು ನಾನು ಹಾಕಿದ್ದು. ತಪ್ಪು ನಂದು."

ಪಾರ್ವತಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತರು. ಆಮೇಲೆ, "ಈಗ ನಾನೋಗಿ ಯೋಳುದ್ರೆ ನೆಪ ಅಂತಾಳೆ," ಎಂದರು.

"ನೀವ್ಯಾಕೆ ಹೇಳ್ಬೇಕು?" ಪಕ್ರಮ್ಮ ಒಂದು ಸಾದಾ ಗಾಜನ್ನು ಜೇಬಿಗೆ ಹಾಕಿಕೊಂಡು ಅಂಗಡಿಯ ಬಾಗಿಲೆಳೆದರು. ವ್ಯಾಪಾರದ ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಓಣಿಯವರು ಕಂಡಿರಲಿಲ್ಲ. ಇಬ್ಬರೂ ಕೆಆರ್‌ಎಸ್ ಬಸ್ಸು ಹತ್ತಿದರು.

ಪಾಲಹಳ್ಳಿಯಲ್ಲಿ ಪುಟ್ಟಗೌರಮ್ಮ ಹಸುವಿಗೆ ಬೂಸಾ ಕಲೆಸುತ್ತಿದ್ದರು. ಪಾರ್ವತಮ್ಮನನ್ನು ನೋಡಿಯೂ ನೋಡದವರಂತೆ, "ಏನ್ ಪಕ್ರಮ್ಮ, ಬಳೆ ಮಲಾರ ಹೊತ್ಕಂಡು ಊರೂರು ತಿರುಗೋದು ಬುಟ್ಟಿದ್ದೆ ಅಲ್ವಾ?" ಎಂದರು.

"ಬಳೆಗಲ್ಲ ಗೌರಕ್ಕ. ಫೋನ್ ಸಲುವಾಗಿ ಬಂದೆ."

"ಅದಕ್ಕೇನಾಗೈತೆ? ಒಂದು ಗೀಟಿಲ್ಲ. ಊರ್ಗೆಲ್ಲ ತೋರ್ಸಿವ್ನಿ ನಿನ್ ಕೆಲ್ಸವ."

ಪಕ್ರಮ್ಮ ಇಬ್ಬರನ್ನೂ ಜಗಲಿಗೆ ಕರೆದುಕೊಂಡು ಹೋಗಿ, ದಿನಾ ಪುಟ್ಟಗೌರಮ್ಮ ಕೂರುವ ಜಾಗದಲ್ಲಿ ಪಾರ್ವತಮ್ಮನನ್ನೂ, ಪಾರ್ವತಮ್ಮನ ಜಾಗದಲ್ಲಿ ಅವರನ್ನೂ ಕೂರಿಸಿದರು. "ಫೋನು ಪಾರ್ವತಕ್ಕನ ಕೈಗೆ ಕೊಡಿ."

"ಅವಳ ಕೈಗಾ?"

"ಒಂದ್ ಗಳಿಗೆ. ಆಮೇಲೆ ನನ್ನ ಬಾಯಿಗೆ ಬಂದಂಗೆ ಬಯ್ರಿ."

ಪುಟ್ಟಗೌರಮ್ಮ ಒಲ್ಲದ ಮನಸ್ಸಿನಿಂದ ಕೊಟ್ಟರು. ಪಾರ್ವತಮ್ಮ ಅದನ್ನು ಎದುರಿಗೆ ಹಿಡಿದರು. ಪುಟ್ಟಗೌರಮ್ಮ ಪಕ್ಕದಿಂದ ಬಗ್ಗಿದರು.

"ಯಾಕೆ ಆರಿಸ್ಬುಟ್ಟೆ?"

"ಆರ್ಸಿಲ್ಲ ಕಣಕ್ಕ. ಉರೀತಾ ಐತೆ," ಎಂದರು ಪಾರ್ವತಮ್ಮ.

ಪುಟ್ಟಗೌರಮ್ಮ ಕತ್ತು ಉದ್ದ ಮಾಡಿ ಎದುರಿನಿಂದ ನೋಡಿದರು, ಉರಿಯುತ್ತಿತ್ತು. ಹಿಂದೆ ಸರಿದರು, ಆರಿಹೋಯಿತು.

"ಹದಿನೈದ್ ದಿನ ನೀನು ನೋಡ್ತಿದ್ದುದು ಇದನ್ನಾ?"

"ಹೂಂ."

"ಮತ್ತೆ ಮರ್ತೆ ಅಂದೆ?"

"ನೀನು ಬುಟ್ಟ ಡ್ರಾಪ್ಸೆಲ್ಲ ದಂಡ ಆಯ್ತು ಅಂತ ಎಂಗಕ್ಕ ಯೋಳ್ಲಿ?"

ಪುಟ್ಟಗೌರಮ್ಮ ಬೂಸಾ ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಓರಗಿತ್ತಿಯ ಗಲ್ಲ ಹಿಡಿದೆತ್ತಿ, "ಮೇಲೆ ನೋಡಮ್ಮಿ," ಎಂದು ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು, ಒಳಗೆ ಬಹಳ ಹೊತ್ತು ನೋಡಿದರು. ಡಾಕ್ಟರಂತೆ ತೀರ್ಪು ಕೊಟ್ಟರು: "ಚೆನ್ನಾಗೈತೆ." ಆಮೇಲೆ, ಗಲ್ಲದಿಂದ ಕೈ ತೆಗೆಯದೆ, "ನಾನು ಅಂದ ಮಾತು..." ಎಂದು ಶುರುಮಾಡಿದರು.

"ಬುಡಕ್ಕ," ಎಂದರು ಪಾರ್ವತಮ್ಮ.

"ತಪ್ಪು ನಂದು ಗೌರಕ್ಕ. ಪಕ್ಕದಲ್ಲಿ ಯಾರು ಕೂರ್ತಾರೆ ಅಂತ ಕೇಳ್ಬೇಕಿತ್ತು," ಎಂದರು ಪಕ್ರಮ್ಮ.

"ಹೂಂ, ನಿಂದೇಯಾ. ಇಬ್ಬರನ್ನೂ ದೂರ ಮಾಡ್ಬುಟ್ಟಿದ್ದೆಯಲ್ಲ," ಎಂದು ಪುಟ್ಟಗೌರಮ್ಮ ಗದರಿದರು. ಮರುಗಳಿಗೆಯೇ, "ಕೂತ್ಕೊ, ಮಜ್ಜಿಗೆ ತತ್ತೀನಿ," ಎಂದು ಒಳಗೆ ಹೋದರು.

ಪಕ್ರಮ್ಮ ಗಾಜಿನ ಮೂಲೆಗೆ ದಾರ ತೂರಿಸಿ, ಅವಸರವಿಲ್ಲದೆ ಬಿಡಿಸಿ ಸಾದಾ ಗಾಜನ್ನು ಕೂರಿಸಿದರು. ಗುಟ್ಟಿನ ನಂಬರ್ ಒತ್ತುವಾಗ ಸೆರಗು ಅಡ್ಡ ಹಿಡಿದುಕೊಂಡರೆ ಸಾಕೆಂದು ಕಿಶನ್‌ಗೆ ತಿಳಿಸಲು ಹೇಳಿದರು. ಫೋನು ಪುಟ್ಟಗೌರಮ್ಮನ ಕೈಗೆ ಮರಳಿತು, ಪಾರ್ವತಮ್ಮ ತಮ್ಮ ಜಾಗಕ್ಕೆ ಮರಳಿ ಪಕ್ಕದಿಂದ ಬಗ್ಗಿದರು. ಅಂದು ಅವರು ಮೊದಲಿನಿಂದ ಓದಿದರು. ಗುರುವಾರ ಬರುತ್ತೇನೆಂದು ಬರೆದದ್ದು, ಅಮ್ಮಾ ಎಲ್ಲಿದ್ದೀಯ ಎಂದು ಮೂರು ಸಲ ಕೇಳಿದ್ದು, ಬಸ್ಸಿನಿಂದ ಬರೆದ ಕೋಪದ ಎರಡು ಸಾಲು, ಕೊನೆಗೆ ನಿನ್ನೆಯದು: ಕೋಪ ಹೋಯ್ತು, ಕೂಸಿಗೆ ಕೆಳಗಡೆ ಒಂದು ಹಲ್ಲು ಬಂದಿದೆ, ಚಿಕ್ಕಮ್ಮನಿಗೂ ಹೇಳು. ಆ ಸಾಲಿಗೆ ಬಂದಾಗ ಪಾರ್ವತಮ್ಮ ನಿಲ್ಲಿಸಿದರು. ಪುಟ್ಟಗೌರಮ್ಮ, "ಇನ್ನೊಂದ್ಸಲ ಓದು," ಎಂದರು. ಮಜ್ಜಿಗೆಯ ಲೋಟ ಹಿಡಿದ ಪಕ್ರಮ್ಮ ಕಂಬಕ್ಕೊರಗಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಅವರು ಈಗಲೂ ಕಪ್ಪು ಗಾಜು ಮಾರುತ್ತಾರೆ. ಬಸ್ಸಿನಲ್ಲಿ ಓಡಾಡುವವರಿಗೆ, ಹಾಸ್ಟೆಲಿನ ಹುಡುಗಿಯರಿಗೆ, ಹತ್ತು ಜನರ ನಡುವೆ ಒಬ್ಬರೇ ಇರಬೇಕಾದವರಿಗೆ ಅದು ದೊಡ್ಡ ನೆಮ್ಮದಿಯೆಂದು ಅವರಿಗೆ ಗೊತ್ತು. ಗಾಜಿನ ಮೇಲೆ ಅವರಿಗೆ ಹಗೆಯಿಲ್ಲ. ಆದರೆ ಹಾಕುವ ಮುಂಚೆ, "ಫೋನ್ ನೋಡುವಾಗ ಪಕ್ಕದಲ್ಲಿ ಯಾರು ಕೂರ್ತಾರೆ?" ಎಂದು ಕೇಳುತ್ತಾರೆ. ಕೆಲವರು ಸಿಡುಕಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಕೆಲವರು ಮಾತ್ರ ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಕ್ಷಣದಲ್ಲಿ ಅವರ ಮುಖದ ಮೇಲೆ ಮನೆಯ ಯಾರೋ ಒಬ್ಬರು ಬಂದು ಕೂತಂತೆ ಕಾಣುತ್ತದೆ.

ಕೈಚಳಕವಿರುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ತಮ್ಮ ಕೆಲಸದ ಮೇಲೆ ಒಂದು ಕಣ ಧೂಳು ಕೂರಲು ಬಿಡದವರೂ ಇದ್ದಾರೆ. ಅಂಥ ಕೆಲಸವೇ ಯಾರದೋ ಜಗಲಿಯಲ್ಲಿ ಕತ್ತಲೆ ತಂದಿದೆಯೆಂದು ತಿಳಿದಾಗ, ಕಾರಣ ಹುಡುಕದೆ, ಇನ್ನೊಬ್ಬರ ಬಾಯಲ್ಲಿ ಹೇಳಿಕಳಿಸದೆ, ನೋಯುವ ಮಂಡಿಯನ್ನು ಎತ್ತಿಕೊಂಡು ತಾವೇ ಬಸ್ಸು ಹತ್ತುವವರು ವಿರಳ. ಅವರ ಹೆಸರು ಯಾವ ಕಲ್ಲಿನ ಮೇಲೂ ಇರುವುದಿಲ್ಲ. ಒಂದು ಅಂಗಳದಲ್ಲಿ ಇಬ್ಬರು ಮತ್ತೆ ಮಾತಾಡುತ್ತಿರುತ್ತಾರೆ. ಅಂಥವರು ಬಂದುಹೋದ ಗುರುತು ಅಷ್ಟೇ.